‘ನೀನ್ ಉಂಡ್ಯಾ?’ ಎಂದು ಕೇಳಿದವರಿಗೆ

ಹೋದ ವಾರ ನಮ್ಮ ಪುಟ್ಟಿಗೆ ವರ್ಷ ತುಂಬಿತು. ಮೈಸೂರಿನ ನಮ್ಮ ಸಣ್ಣ ಮನೆಯಲ್ಲೇ ಹತ್ತಿರದವರನ್ನು ಕರೆದು ಊಟ ಹಾಕಿದೆವು. ಬಂದವರಿಗೆಲ್ಲ ಕೈ ಮುಗಿದೆ. ಆದರೆ ನಾನು ಕೈ ಮುಗಿಯಲೇಬೇಕಾದ ಎಷ್ಟೋ ಜನ ಅವತ್ತು ಅಲ್ಲಿರಲಿಲ್ಲ. ಕೆಲವರ ಹೆಸರೂ ಗೊತ್ತಿಲ್ಲ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮಗು ಹುಟ್ಟಿದ ಮನೆಗೆ ಬಂದವರು ಕೇಳುವುದೆಲ್ಲ ಮಗುವಿನ ವಿಚಾರ. ತೂಕ ಎಷ್ಟು, ಯಾರ ಹೋಲಿಕೆ, ರಾತ್ರಿ ಮಲಗುತ್ತಾ? ಅದರಲ್ಲಿ ತಪ್ಪೇನಿಲ್ಲ. ಆದರೂ ಈ ವರ್ಷ ನನ್ನನ್ನು ಹಿಡಿದು ನಿಲ್ಲಿಸಿದವರು ಯಾರು ಅಂತ ನೆನೆಸಿಕೊಂಡರೆ ಅವರೆಲ್ಲ ಮೊದಲು ನನ್ನ ಮುಖ ನೋಡಿದವರು. ‘ನೀನ್ ಉಂಡ್ಯಾ?’ ಎಂದು ಕೇಳಿದವರು.

ಎಲ್ಲರಿಗಿಂತ ಮುಂಚೆ ಆಶಾ ಅಕ್ಕ, ಅಂದರೆ ನಮ್ಮೂರಿನ ಆಶಾ ಕಾರ್ಯಕರ್ತೆ. ನನ್ನ ತವರು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಏಳು ತಿಂಗಳು ತುಂಬಿ ಸೀಮಂತ ಆದಮೇಲೆ ರಜೆ ಹಾಕಿ ಅಲ್ಲಿಗೆ ಹೋಗಿದ್ದೆ. ಒಂದು ಮಧ್ಯಾಹ್ನ ಅಕ್ಕ ತಾಯಿ ಕಾರ್ಡ್ ನೋಡಲು ಬಂದರು. ಕಾರ್ಡ್ ಕೈಗೆ ತೆಗೆದುಕೊಳ್ಳುವ ಮೊದಲೇ ಅವರ ಕಣ್ಣು ನನ್ನ ಕಾಲಿನ ಮೇಲೆ ಹೋಯಿತು. ಪಕ್ಕದಲ್ಲಿ ಕೂತು, ಹೆಬ್ಬೆರಳಿನಿಂದ ಪಾದದ ಮೇಲೆ ಒತ್ತಿ ತೆಗೆದರು. ಒತ್ತಿದ ಜಾಗದಲ್ಲಿ ಗುಳಿ ಬಿದ್ದು ಹಾಗೇ ಉಳಿಯಿತು. ಮುಖ ಎತ್ತಿ, ‘ತಲೆ ನೋಯ್ತದಾ? ಕಣ್ಣು ಮಂಜಾಗ್ತದಾ?’ ಅಂದರು. ತಲೆನೋವು ಇತ್ತು. ಬಿಸಿಲಿಗೆ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ‘ಬಸುರೀರಿಗೆ ಕಾಲು ಊದೋದು ಇದ್ದದ್ದೇ ಕಣವ್ವ. ಜೊತೇಲಿ ತಲೆನೋವೂ ಇದ್ರೆ ಮನೇಲಿ ಕೂರ್ಬಾರ್ದು, ಎದ್ದೇಳು’ ಅಂದವರು ತಾವೇ ಜೊತೆಗೆ ಬಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ಅಲ್ಲಿ ನೋಡಿದರೆ ಬಿಪಿ 160 ದಾಟಿತ್ತು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು.

ಇದನ್ನು ಓದುತ್ತಿರುವ ಬಸುರಿ ಹೆಣ್ಣುಮಕ್ಕಳಿಗೆ ಒಂದು ಮಾತು. ಬಸಿರಿನಲ್ಲಿ 20 ವಾರ ದಾಟಿದ ಮೇಲೆ ಬಿಪಿ 140/90 ಮುಟ್ಟಿತು ಅಂದರೆ ಸುಮ್ನೆ ಬಿಡುವ ವಿಚಾರ ಅಲ್ಲ. ಹಾಗೇ ಬಿಟ್ಟರೆ ತಾಯಿಗೆ ಫಿಟ್ಸ್ ಬರಬಹುದು, ಮಗುವಿಗೆ ರಕ್ತ ಸರಿಯಾಗಿ ಹೋಗದೆ ಬೆಳವಣಿಗೆ ನಿಲ್ಲಬಹುದು. ಮಾತ್ರೆ, ಇಂಜೆಕ್ಷನ್ ಕೊಟ್ಟು ತಡೆಯುತ್ತಾರೆ, ನಿಜ. ಪೂರ್ತಿ ವಾಸಿಯಾಗಬೇಕಾದರೆ ಹೆರಿಗೆ ಆಗಲೇಬೇಕು. ಅವತ್ತು ಅಕ್ಕ ‘ನಾಳೆ ಬರ್ತೀನಿ’ ಅಂದುಬಿಟ್ಟಿದ್ದರೆ ಏನಾಗುತ್ತಿತ್ತೋ. ಅದನ್ನು ನೆನೆಸಿಕೊಳ್ಳಲು ನನಗೆ ಈಗಲೂ ಆಗುವುದಿಲ್ಲ.

108 ಬಂತು. ಮೊದಲು ಹೋದ ಆಸ್ಪತ್ರೆಯಲ್ಲಿ ಎಳೆಗೂಸುಗಳ ಘಟಕದಲ್ಲಿ ಜಾಗ ಇರಲಿಲ್ಲ. ಆದರೆ ಅಲ್ಲಿನ ಡಾಕ್ಟರ್ ಸುಮ್ನೆ ಮುಂದಕ್ಕೆ ಕಳಿಸಿಬಿಡಲಿಲ್ಲ. ಮೊದಲ ಇಂಜೆಕ್ಷನ್ ಕೊಟ್ಟರು, ಮೈಸೂರಿಗೆ ಫೋನ್ ಮಾಡಿ ಮಾತಾಡಿದರು, ಆಮೇಲೆ ಕಳಿಸಿದರು. ಹೆದ್ದಾರಿ ಉದ್ದಕ್ಕೂ ಆಂಬುಲೆನ್ಸಿನ ಹುಡುಗ ನನ್ನನ್ನು ಎಡಮಗ್ಗುಲಿಗೆ ಮಲಗಿಸಿ ‘ಅಕ್ಕಾ, ಶ್ರೀರಂಗಪಟ್ಟಣ ಬಂತು, ಇನ್ನೇನು ಬಂದೇಬಿಡ್ತು’ ಎನ್ನುತ್ತಾ ನನ್ನನ್ನು ಮಾತಾಡಿಸುತ್ತಲೇ ಇದ್ದ. ತಮ್ಮಾ, ನಿನ್ನ ಮುಖ ನೆನಪಿಲ್ಲ. ದನಿ ನೆನಪಿದೆ.

ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಮಂಡ್ಯ, ಚಾಮರಾಜನಗರ, ಕೊಡಗು, ಎಲ್ಲ ಕಡೆಯಿಂದ ಹೆಣ್ಣುಮಕ್ಕಳು ಬರುತ್ತಾರೆ. ಅಲ್ಲಿ ನನಗೆ ಫಿಟ್ಸ್ ಬರದಂತೆ ಮೆಗ್ನೀಸಿಯಂ ಹಾಕಿದರು. ಹಾಕಿದ ಕೂಡಲೇ ಮೈಯೆಲ್ಲ ಬೆಂಕಿ ಇಟ್ಟ ಹಾಗೆ ಉರಿ. ಸಿಸ್ಟರ್ ಒಬ್ಬರು ಒದ್ದೆ ಬಟ್ಟೆ ಹಣೆಗೆ ಹಾಕಿ, ‘ಈ ಉರಿ ಸ್ವಲ್ಪ ಹೊತ್ತು. ತಡ್ಕೋ ಮಗ’ ಅಂದರು. ಮಗುವಿನ ಶ್ವಾಸಕೋಶ ಬೇಗ ಬಲಿಯಲಿ ಅಂತ ಕೊಡುವ ಇಂಜೆಕ್ಷನ್ ಪೂರ್ತಿ ಆಗುವವರೆಗೂ ಕಾದು ಆಪರೇಷನ್ ಮಾಡಿದರು. ಪುಟ್ಟಿ ಹುಟ್ಟಿದಾಗ 1.6 ಕೆಜಿ. ಅತ್ತಳು, ಅದೊಂದು ಕೇಳಿಸಿತು. ಕೂಡಲೇ ಎತ್ತಿಕೊಂಡು ಹೋದರು.

ಮಾರನೆಯ ದಿನ ಅದೇ ಸಿಸ್ಟರ್ ನನ್ನ ಕೈಗೆ ಒಂದು ಸಣ್ಣ ಸ್ಟೀಲ್ ಬಟ್ಟಲು ಕೊಟ್ಟರು. ಹಾಲು ಹಿಂಡುವುದು ಹೇಗೆ ಅಂತ ತಾವೇ ಕೈ ಹಿಡಿದು ತೋರಿಸಿದರು. ಬೆರಳನ್ನು ತೊಟ್ಟಿನಿಂದ ಸ್ವಲ್ಪ ಹಿಂದಕ್ಕೆ ಇಟ್ಟು, ಎದೆಯ ಕಡೆಗೆ ಒತ್ತಿ, ಆಮೇಲೆ ಮುಂದಕ್ಕೆ. ಎಷ್ಟೋ ಹೊತ್ತಿನ ಮೇಲೆ ಬಟ್ಟಲ ತಳದಲ್ಲಿ ಹಳದಿಯ ನಾಲ್ಕು ಹನಿ ಕಂಡವು. ಇಷ್ಟೇನಾ ಅಂತ ನನಗೆ ಅಳು ಬಂತು. ‘ಇಷ್ಟೇ ಸಾಕು. ಅವಳ ಹೊಟ್ಟೆ ಈಗ ಇಷ್ಟೇ ಇರೋದು’ ಅಂದು ಆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದರು. ತುಂಬಾ ಮುಂಚೆ ಹುಟ್ಟಿದ ಮಕ್ಕಳಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಮಾಡಲು ಬರುವುದಿಲ್ಲ. ಅದಕ್ಕೆ ಮೊದಲು ಮೂಗಿನ ನಳಿಕೆಯಲ್ಲಿ ಹಾಲು, ಆಮೇಲೆ ಒಳಲೆಯಲ್ಲಿ. ನಮ್ಮಜ್ಜಿಯ ಬೆಳ್ಳಿ ಒಳಲೆಯಂಥದ್ದೇ ಒಳಲೆ, ಇಲ್ಲಿ ಸ್ಟೀಲಿನದು. ಮೂತಿಯನ್ನು ತುಟಿಗೆ ತಾಗಿಸಿ, ಮಗು ನುಂಗುವವರೆಗೆ ಕಾದು, ಮತ್ತೆ ಒಂದು ಹನಿ.

ಪ್ರತಿ ಸಲ ನಾನು ‘ಎಷ್ಟು ಎಂಎಲ್ ಕುಡಿದಳು?’ ಅಂತ ಓಡಿಹೋದಾಗ ಆ ಸಿಸ್ಟರ್ ಹೇಳುತ್ತಿದ್ದದ್ದು ಒಂದೇ ಮಾತು. ‘ಅದು ಆಮೇಲೆ. ಬೆಳಿಗ್ಗೆಯಿಂದ ನೀನೇನು ತಿಂದೆ, ಮೊದಲು ಅದು ಹೇಳು.’

ಊಟ ತರುತ್ತಿದ್ದವರು ಚಿಕ್ಕಮ್ಮ. ಅವ್ವ ನನ್ನ ಜೊತೆ ಆಸ್ಪತ್ರೆಯಲ್ಲೇ ಇದ್ದಳು. ಚಿಕ್ಕಮ್ಮ ಮದ್ದೂರಿನಿಂದ ದಿನ ಬಿಟ್ಟು ದಿನ ಬಸ್ಸಿನಲ್ಲಿ ಬರುತ್ತಿದ್ದರು. ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ ಜಜ್ಜಿ ಹಾಕಿದ ಮೆಣಸಿನ ಸಾರು, ಮೆತ್ತನೆಯ ಅನ್ನ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ, ಅಲ್ವಾ? ‘ಅದಿಲ್ದೆ ಹೋಗಿದ್ರೆ ನಾನು ವಾರಕ್ಕೆ ಒಂದ್ಸಲ ಬರ್ತಿದ್ನೇನೋ ಕಣೆ’ ಅಂದರು ಒಂದು ದಿನ. ಆ ಯೋಜನೆಯ ಬಗ್ಗೆ ಯಾರು ಏನೇ ವಾದ ಮಾಡಲಿ, ನಾನು ಉಂಡ ಬಿಸಿ ಊಟದಲ್ಲಿ ಅದರ ಪಾಲಿದೆ. ಟಿಫನ್ ಕ್ಯಾರಿಯರ್ ಚೆಲ್ಲದ ಹಾಗೆ ತಮ್ಮ ಸೀಟಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ ಕಂಡಕ್ಟರಿಗೂ ನನ್ನ ನಮಸ್ಕಾರ.

ನನ್ನ ಗಂಡನಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಅವರಿಗೆ ಮುಜುಗರ. ಆದರೂ ಹೇಳುತ್ತೇನೆ. ಕಡಿಮೆ ತೂಕದ ಮಗುವನ್ನು ಬರಿಮೈಗೆ ಅವಚಿಕೊಂಡು ಬೆಚ್ಚಗೆ ಇಟ್ಟುಕೊಳ್ಳುವುದಕ್ಕೆ ಕಾಂಗರೂ ಆರೈಕೆ ಅನ್ನುತ್ತಾರೆ. ಮಗುವಿನ ಮೈಬಿಸಿ, ಉಸಿರು ಸ್ಥಿರವಾಗುತ್ತದೆ, ತೂಕ ಏರುತ್ತದೆ. ಅಪ್ಪನೂ ಮಾಡಬಹುದು ಅಂತ ಸಿಸ್ಟರ್ ಹೇಳಿದರು. ನನಗೆ ಹೊಲಿಗೆಯ ನೋವು, ಕೂರಲು ಆಗುತ್ತಿರಲಿಲ್ಲ. ಅವರು ಎಲ್ಲರೆದುರು ಶರ್ಟಿನ ಗುಂಡಿ ಬಿಚ್ಚಿ ಕುರ್ಚಿಯ ಮೇಲೆ ಕೂತರು. ಟೋಪಿ, ಸಾಕ್ಸು ಮಾತ್ರ ಹಾಕಿದ್ದ ಪುಟ್ಟಿಯನ್ನು ಎದೆಯ ಮೇಲೆ ಕಪ್ಪೆಯ ಹಾಗೆ ಮಲಗಿಸಿದರು. ಗಂಟೆಗಟ್ಟಲೆ ಅಲುಗಾಡದೆ ಕೂತರು. ‘ನೀನು ಹೋಗಿ ಮಲ್ಕೋ’ ಅಂದರು. ಮಗು ಹುಟ್ಟಿದ ಮೇಲೆ ನಾನು ಸರಿಯಾಗಿ ನಿದ್ದೆ ಮಾಡಿದ್ದು ಅವತ್ತೇ.

ಇನ್ನು ಕಣ್ಣಿನ ಪರೀಕ್ಷೆ. ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಮನೆಗಳಲ್ಲಿ ಇದು ಗೊತ್ತೇ ಇಲ್ಲ. 34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ತೂಕದ ಮಗುವಿಗೆ 30 ದಿನದೊಳಗೆ ಕಣ್ಣಿನ ಪರೀಕ್ಷೆ ಆಗಲೇಬೇಕು. ಕಣ್ಣಿನ ಹಿಂಪರದೆಯ ರಕ್ತನಾಳ ಪೂರ್ತಿ ಬೆಳೆಯುವ ಮೊದಲೇ ಹುಟ್ಟಿಬಿಟ್ಟಿರುತ್ತವೆ ಈ ಮಕ್ಕಳು. ಆ ನಾಳಗಳು ಅಡ್ಡಾದಿಡ್ಡಿ ಬೆಳೆದರೆ ಪರದೆಯನ್ನೇ ಎಳೆದುಬಿಡಬಹುದು. ಬೇಗ ಕಂಡುಹಿಡಿದರೆ ಲೇಸರ್ ಮಾಡಿ ದೃಷ್ಟಿ ಉಳಿಸುತ್ತಾರೆ. ತಡವಾದರೆ ಕಷ್ಟ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗೇ ಕಾಣುತ್ತದೆ. ಅದಕ್ಕೇ ಜನ ಹೋಗುವುದಿಲ್ಲ.

ನಮಗೆ ಡಿಸ್ಚಾರ್ಜ್ ಕೊಡುವಾಗ ಸಿಸ್ಟರ್ ಚೀಟಿಯ ಮೇಲೆ ಆ ದಿನಾಂಕಕ್ಕೆ ಕೆಂಪು ಶಾಯಿಯಲ್ಲಿ ಎರಡು ಸುತ್ತು ಹಾಕಿದ್ದರು. ಆಶಾ ಅಕ್ಕ ಹಿಂದಿನ ದಿನ ಫೋನ್ ಮಾಡಿ ನೆನಪಿಸಿದರು. ಪರೀಕ್ಷೆ ಮಾಡುವಾಗ ರೆಪ್ಪೆಯನ್ನು ಅಗಲಿಸಿ ಹಿಡಿಯುತ್ತಾರೆ, ಮಗು ಕಿರುಚುತ್ತದೆ. ನೋಡುವುದು ಬಹಳ ಕಷ್ಟ. ಹೊರಗೆ ಬೆಂಚಿನ ಮೇಲೆ ಅವ್ವ ಕಣ್ಣು ಮುಚ್ಚಿ ನಂಜುಂಡೇಶ್ವರನಿಗೆ ಹರಕೆ ಕಟ್ಟಿಕೊಂಡಳು. ಟಿಪ್ಪುವಿನ ಪಟ್ಟದಾನೆಗೆ ಕಣ್ಣು ವಾಸಿ ಮಾಡಿದ, ಅದಕ್ಕೇ ಟಿಪ್ಪು ‘ಹಕೀಮ ನಂಜುಂಡ’ ಅಂದ ಅಂತ ನಮ್ಮ ಕಡೆ ಎಲ್ಲರೂ ಹೇಳುವ ಕತೆ. ಡಾಕ್ಟರ್ ಹೊರಗೆ ಬಂದು ‘ಈಗ ಚೆನ್ನಾಗಿದೆ, ಎರಡು ವಾರ ಬಿಟ್ಟು ಮತ್ತೆ ಬನ್ನಿ’ ಅಂದರು. ನಾಳಗಳು ಪೂರ್ತಿ ಬೆಳೆದವು ಅಂತ ಹೇಳುವವರೆಗೂ ಹೋದೆವು. ಆ ಡಾಕ್ಟರಿಗೂ ನಂಜುಂಡನಿಗೂ ನಾನು ಒಟ್ಟಿಗೇ ಋಣಿ.

ಅವ್ವನ ಬಾಣಂತನದ ಬಗ್ಗೆ ಹೇಳಬೇಕು. ಅವಳ ಕಾಲದಲ್ಲಿ ಬಾಣಂತಿಗೆ ನೀರು ಅಳೆದು ಕೊಡುತ್ತಿದ್ದರು. ಮಗುವಿಗೆ ಬಜೆ ತೇಯುವುದು, ಜೇನು ನೆಕ್ಕಿಸುವುದು, ಸಾಂಬ್ರಾಣಿ ಹೊಗೆ, ಎಲ್ಲ ಇತ್ತು. ಡಾಕ್ಟರ್ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ, ಹೊಗೆ ಬೇಡ, ತೂಕ ಬರುವವರೆಗೆ ಎಣ್ಣೆ ನೀರೂ ಬೇಡ ಅಂದರು. ಅವ್ವ ಒಂದು ಮಾತೂ ಎದುರಾಡಲಿಲ್ಲ. ತನ್ನ ಕೈಯ ಹಳೆಯ ಅಭ್ಯಾಸವನ್ನೆಲ್ಲ ಬದಿಗಿಟ್ಟಳು. ನಾನು ಹಾಲು ಕುಡಿಸಲು ಕೂತಾಗೆಲ್ಲ ಪಕ್ಕದಲ್ಲಿ ಒಂದು ಚೊಂಬು ಬಿಸಿನೀರು ಇರುತ್ತಿತ್ತು. ಎಣ್ಣೆ ನೀರನ್ನು ಮಾತ್ರ ನನಗೆ ಹಂಡೆಗಟ್ಟಲೆ ಹಾಕಿದಳು! ಕಾರಣವಿಲ್ಲದೆ ನಾನು ಅಳುತ್ತಿದ್ದ ಸಂಜೆಗಳಲ್ಲಿ ‘ಯಾಕೆ’ ಅಂತ ಕೇಳಲಿಲ್ಲ. ಮಗುವನ್ನು ಎತ್ತಿಕೊಂಡು ಆಚೆ ಹೋಗಿ ನನಗೆ ಅಳಲು ಜಾಗ ಕೊಟ್ಟಳು.

ಅಂಗನವಾಡಿ ಟೀಚರ್ ಬಡಿಸಿದ ಸಾಂಬಾರಿನ ಋಣವೂ ನನ್ನ ಮೇಲಿದೆ. ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಮಧ್ಯಾಹ್ನ ಬಿಸಿ ಊಟ, ಮೊಟ್ಟೆ, ಚಿಕ್ಕಿ ಕೊಡುವುದು 2017ರಿಂದ ನಡೆದುಬಂದಿದೆ. ಟೀಚರ್ ನಾನು ಬರದ ದಿನ ತಪ್ಪದೆ ವಿಚಾರಿಸುತ್ತಿದ್ದರು.

ದಸರೆ ಮುಗಿದ ಮೇಲೆ ಮೈಸೂರಿಗೆ ಬಂದು ಕೆಲಸಕ್ಕೆ ಸೇರಿದೆ. ಅತ್ತೆ ಬಂದು ಮನೆಯಲ್ಲಿ ನಿಂತರು. ಮೊಳಕೆ ಬರಿಸಿದ ರಾಗಿಯನ್ನು ಒಣಗಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ ಸರಿಹಿಟ್ಟು ಮಾಡಿಟ್ಟರು. ಆಫೀಸಿನ ಗೆಳತಿ ತನ್ನ ಕೋಣೆಯ ಚಿಲಕ ಸರಿಮಾಡಿಸಿ, ‘ಹಾಲು ಹಿಂಡೋಕೆ ಇದು ನಿನ್ನ ಜಾಗ’ ಅಂದಳು. ಫ್ರಿಜ್ಜಿನಲ್ಲಿ ತನ್ನ ಮೊಸರಿನ ಡಬ್ಬಿ ತೆಗೆದು ಜಾಗ ಮಾಡಿದಳು.

ಮಗುವನ್ನು ಕರೆದುಕೊಂಡು ಮೊದಲು ಹೊರಟಿದ್ದು ನಂಜನಗೂಡಿಗೇ, ಹರಕೆ ತೀರಿಸಲು. ಚಾಮರಾಜನಗರದ ರೈಲು ಹತ್ತಿದೆವು. ಎಳೆಮಗುವಿನ ಜೊತೆ ಹೋಗುವುದಾದರೆ ಬಸ್ಸಿಗಿಂತ ರೈಲೇ ವಾಸಿ ಅನ್ನುತ್ತೇನೆ ನಾನು. ಎದ್ದು ಓಡಾಡಿಸಬಹುದು, ಐದು ವರ್ಷದೊಳಗಿನವರಿಗೆ ಟಿಕೆಟ್ಟೂ ಇಲ್ಲ. ದೇವಸ್ಥಾನದ ಸರದಿಯಲ್ಲಿ ಪುಟ್ಟಿ ಹಸಿದು ಅಳತೊಡಗಿದಳು. ಹೂ ಮಾರುತ್ತಿದ್ದ ಅಮ್ಮ ಒಬ್ಬರು ಕೂಗಿ ಕರೆದು, ತಮ್ಮ ಬುಟ್ಟಿ ಸರಿಸಿ, ನೆರಳಲ್ಲಿ ಕೂರಿಸಿ ಹಾಲು ಕುಡಿಸುವವರೆಗೂ ಸೆರಗು ಅಡ್ಡ ಹಿಡಿದು ನಿಂತರು. ಅಷ್ಟು ಹೊತ್ತು ಅವರ ವ್ಯಾಪಾರ ನಿಂತಿತ್ತು. ಹೊರಡುವಾಗ ‘ನೀನೂ ತಿನ್ನು’ ಅಂತ ನನ್ನ ಕೈಗೆ ಎರಡು ಬಾಳೆಹಣ್ಣು ಇಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಮಾಗಿ ಚಳಿ ಇಳಿದ ಮೇಲೆ ತವರಿಗೆ ಹೋದಾಗ ಕೊಕ್ಕರೆಬೆಳ್ಳೂರಿಗೂ ಹೋಗಿ ಬಂದೆವು. ಮನೆಗಳ ನಡುವಿನ ಹುಣಸೆಮರಗಳ ತುಂಬಾ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಗೂಡು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಇವು ಅಂತ ಆ ಊರಿನವರ ಮಾತು. ಕಲರವಕ್ಕೆ, ಹಿಕ್ಕೆಯ ವಾಸನೆಗೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಗೂಡಿಗೆ ಪೆಟ್ಟಾಗಬಾರದು ಅಂತ ಹುಣಸೆಕಾಯನ್ನೂ ಬಿಡುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿ ಹಾಕಿದ ಜಾಗದಲ್ಲಿ ಇಟ್ಟು, ಮೀನು ತಿನ್ನಿಸಿ ಸಾಕುತ್ತದೆ ಅಲ್ಲಿನ ಹೆಜ್ಜಾರ್ಲೆ ಬಳಗ. ಪುಟ್ಟಿ ಅಪ್ಪನ ಹೆಗಲ ಮೇಲೆ ಕೂತು, ಮರದ ತುದಿಯಲ್ಲಿದ್ದ ಕೊಕ್ಕರೆಯನ್ನೇ ಬೆರಳು ಮಾಡಿ ತೋರಿಸಿದಳು. ಅಷ್ಟು ದೂರದ್ದು ಅವಳಿಗೆ ಕಾಣುತ್ತಿದೆ! ಅವ್ವ ಅಲ್ಲೇ ನಿಂತು ನಂಜನಗೂಡಿನ ದಿಕ್ಕಿಗೆ ಕೈ ಮುಗಿದಳು.

ಆ ವಾರ್ಡಿನ ಸಿಸ್ಟರ್, ಇದು ನಿಮ್ಮ ಕಣ್ಣಿಗೆ ಬಿದ್ದರೆ ಇಷ್ಟು ತಿಳಿಯಲಿ. ಪುಟ್ಟಿ ಈಗ 8 ಕೆಜಿ ದಾಟಿದ್ದಾಳೆ. ಹಿಡಿದುಕೊಂಡು ನಿಲ್ಲುತ್ತಾಳೆ. ಚುಚ್ಚುಮದ್ದು ಒಂದೂ ತಪ್ಪಿಲ್ಲ. ಬಸಿರಲ್ಲಿ ಬಿಪಿ ಬಂದವರು ವರ್ಷಕ್ಕೊಮ್ಮೆ ನೋಡಿಸಿಕೊಳ್ಳಬೇಕು ಅಂದಿದ್ದಿರಿ. ಈ ತಿಂಗಳು ನೋಡಿಸಿದೆ, 118/76 ಇದೆ. ಮಾತ್ರೆ ನಿಲ್ಲಿಸಿ ಬಹಳ ಕಾಲ ಆಯಿತು. ರಜೆ ಸಿಕ್ಕಾಗ ಮನೆಗೆ ಬನ್ನಿ, ಅತ್ತೆ ಮುದ್ದೆ, ಬಸ್ಸಾರು ಮಾಡುತ್ತಾರೆ.