ವಿದೇಶಕ್ಕೆ ಕಳಿಸುವ ಸೀರೆಗಳ ಸುಂಕ ನಮೂನೆ: ಗ್ರಾಹಕರಿಗೆ ಪತ್ರ

ಇಳಕಲ್
10 ನವೆಂಬರ್ 2025

ವಿಷಯ: ಡಿಸೆಂಬರ್ 1ರಿಂದ ವಿದೇಶದ ಪಾರ್ಸೆಲ್‌ಗಳ ಮೇಲೆ ಸರಕಿನ ಪೂರ್ಣ ವಿವರ ಮತ್ತು ಬಿಲ್ಲಿನ ಬೆಲೆಯನ್ನೇ ಬರೆಯುವ ಬಗ್ಗೆ.

ಮಾನ್ಯ ಗ್ರಾಹಕರೇ,

ನಮ್ಮ ಕೈಮಗ್ಗ ನೇಕಾರರ ಸಹಕಾರ ಸಂಘದಿಂದ ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣ ತರಿಸಿಕೊಳ್ಳುವ ವಿದೇಶದ ಗ್ರಾಹಕರಿಗೂ, ಅವರ ಪರವಾಗಿ ಇಲ್ಲಿ ಹಣ ಕಟ್ಟುವ ತಂದೆತಾಯಿ ಹಾಗೂ ಬಂಧುಗಳಿಗೂ ಈ ಪತ್ರ. ಬರುವ ಡಿಸೆಂಬರ್ 1ರಿಂದ ಸಂಘವು ಹೊರದೇಶಕ್ಕೆ ಅಂಚೆಯಲ್ಲಿ ಕಳಿಸುವ ಯಾವ ಪಾರ್ಸೆಲ್‌ನ ಸುಂಕ ನಮೂನೆಯಲ್ಲೂ ‘ಉಡುಗೊರೆ’ ಎಂದು ಬರೆಯುವುದಿಲ್ಲ, ಬೆಲೆಯನ್ನು ಬಿಲ್ಲಿಗಿಂತ ಒಂದು ರೂಪಾಯಿಯೂ ಕಡಿಮೆ ತೋರಿಸುವುದಿಲ್ಲ. ಇದರಿಂದ ಕೆಲವರಿಗೆ ಖರ್ಚು ಹೆಚ್ಚುತ್ತದೆ, ಬ್ರಿಟನ್ನಿನ ಕೆಲವರಿಗೆ ಸದ್ಯಕ್ಕೆ ಸೀರೆ ಕಳಿಸಲೇ ಆಗುವುದಿಲ್ಲ. ಆದ್ದರಿಂದ ಕಾರಣಗಳನ್ನು ಬಿಡಿಸಿ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಹಿಂದಿನ ರೂಢಿ ತಮಗೆ ಗೊತ್ತಿರುವುದೇ. ಪಾರ್ಸೆಲ್ ಮೇಲೆ ಅಂಟಿಸುವ ಸಿಎನ್ 22 ಎಂಬ ಸುಂಕ ನಮೂನೆಯ ಚೀಟಿಯಲ್ಲಿ ‘ಸೀರೆ, 1, ಉಡುಗೊರೆ, 500 ರೂ.’ ಎಂದು ಬರೆದು ಸಹಿ ಹಾಕುತ್ತಿದ್ದೆವು. ಕೆಲವರು ಹಾಗೆ ಬರೆಯಿರೆಂದು ಕೇಳುತ್ತಿದ್ದರು. ಕೇಳದವರಿಗೂ ಉಪಕಾರ ಮಾಡುತ್ತಿದ್ದೇವೆಂದು ತಿಳಿದು ನಾವೇ ಹಾಗೆ ಬರೆಯುತ್ತಿದ್ದೆವು. ಕಳೆದ ಮೇ ತಿಂಗಳಲ್ಲಿ ಜರ್ಮನಿಗೆ ಹೋದ ಒಂದು ಸೀರೆಯ ಹೊರಚೀಟಿಯಲ್ಲಿ 500 ರೂ. ಎಂದಿತ್ತು, ಒಳಗೆ ಮಡಿಕೆಯ ನಡುವೆ ಇಟ್ಟಿದ್ದ ನಮ್ಮದೇ ಬಿಲ್ಲಿನಲ್ಲಿ 6,800 ರೂ. ಎಂದಿತ್ತು. ಕೊಂಡವರು ಅಲ್ಲಿನ ಸುಂಕದ ಕಚೇರಿಗೆ ರಜೆ ಹಾಕಿ ಹೋಗಿ, ಹಣ ಕಟ್ಟಿದ ದಾಖಲೆ ತೋರಿಸಿದರೂ, ಒಂದೇ ಸೀರೆಗೆ ಎರಡು ಬೆಲೆ ಏಕೆ ಎಂಬ ಪ್ರಶ್ನೆಗೆ ಉತ್ತರ ಹೇಳಲಾಗದೆ ಬರಿಗೈಯಲ್ಲಿ ಮರಳಬೇಕಾಯಿತು. ಸೀರೆ ಜುಲೈನಲ್ಲಿ ನಮ್ಮ ಕಚೇರಿಗೆ ವಾಪಸು ಬಂತು. ವಿವರಗಳು ಸರಿಯಾಗಿವೆ ಎಂದು ಚೀಟಿಯ ಕೆಳಗೆ ಸಹಿ ಮಾಡಿದವನು ನಾನು. ಆದ್ದರಿಂದ ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸುವಂತಿಲ್ಲ. ಅವರ ಹಣವನ್ನು ಅಂಚೆ ವೆಚ್ಚದ ಸಮೇತ ಮರಳಿಸಿದ್ದೇವೆ. ಇನ್ನೊಂದು ಮಾತು: ದಾರಿಯಲ್ಲಿ ಪಾರ್ಸೆಲ್ ಕಳೆದುಹೋದರೆ, 500 ರೂಪಾಯಿಯದೆಂದು ನಾವೇ ಬರೆದುಕೊಟ್ಟ ಸೀರೆಗೆ ಆರೇಳು ಸಾವಿರ ಪರಿಹಾರ ಕೇಳಲು ನಮಗೆ ಯಾವ ಬಾಯಿ ಇದೆ?

ಮೊದಲು ಈ ಚೀಟಿ ಪಾರ್ಸೆಲ್ ಜೊತೆಗೇ ಹೋಗುತ್ತಿತ್ತು, ಸುಂಕದ ಅಧಿಕಾರಿ ಅದನ್ನು ನೋಡಿದರೆ ನೋಡಿದರು, ಇಲ್ಲದಿದ್ದರೆ ಇಲ್ಲ. ಬರ್ನ್ ನಗರದಲ್ಲಿರುವ ವಿಶ್ವ ಅಂಚೆ ಒಕ್ಕೂಟದ ನಿಯಮದಂತೆ 2021ರ ಜನವರಿ 1ರಿಂದ ಸರಕಿರುವ ಅಂಚೆಯ ವಿವರಗಳು ಕಂಪ್ಯೂಟರಿನ ಮೂಲಕ ಮುಂಚಿತವಾಗಿ ಆ ದೇಶವನ್ನು ತಲುಪಬೇಕು. ಹೀಗಾಗಿ ಸೀರೆ ಇನ್ನೂ ವಿಮಾನ ಹತ್ತುವ ಮೊದಲೇ ಅದರ ಹೆಸರು, ತೂಕ, ಬೆಲೆ, ಕಳಿಸಿದವರ ಮತ್ತು ಪಡೆಯುವವರ ವಿಳಾಸ ಅಲ್ಲಿರುತ್ತವೆ. ಬೆಲೆ ಅಂಚೆಯವರು ಬಳಸುವ ಎಸ್‌ಡಿಆರ್ ಎಂಬ ಅಂತಾರಾಷ್ಟ್ರೀಯ ಹಣದ ಲೆಕ್ಕದಲ್ಲಿ 300, ಅಂದರೆ ಸುಮಾರು 400 ಡಾಲರ್ ಮೀರಿದರೆ ಸಿಎನ್ 22ರ ಬದಲು ಇನ್ನೂ ದೊಡ್ಡದಾದ ಸಿಎನ್ 23 ತುಂಬಬೇಕು. ಐದಾರು ಸೀರೆ ಒಟ್ಟಿಗೆ ತರಿಸಿಕೊಳ್ಳುವ ಕೆಲವರಿಗೆ ಮಾತ್ರ ಇದು ತಾಗುತ್ತದೆ.

ನಮಗೆ ನಿಜವಾಗಿ ಹೆಚ್ಚು ಕೆಲಸ ಕೊಟ್ಟದ್ದು ನಮೂನೆಯಲ್ಲಿ ಬೆಲೆಯ ಅಂಕಣವಲ್ಲ, ವಿವರದ ಅಂಕಣ. ಅಲ್ಲಿ ‘ಸೀರೆ’ ಎಂದರೆ ಸಾಲದು, ಎಚ್‌ಎಸ್ ಸಂಖ್ಯೆ ಎಂಬ ಸರಕಿನ ಸಂಕೇತವನ್ನೂ ಕೊಡಬೇಕು. ಸೀರೆಗೆ ಹೊಲಿಗೆಯಿಲ್ಲದ ಕಾರಣ ನಮ್ಮ ದೇಶದ ಸುಂಕ ಪಟ್ಟಿಯಲ್ಲಿ ಅದು ಉಡುಪುಗಳ ಅಧ್ಯಾಯದಲ್ಲಿಲ್ಲ, ಬಟ್ಟೆಯ ಅಧ್ಯಾಯಗಳಲ್ಲಿದೆ. ಯಾವ ಅಧ್ಯಾಯ ಎಂಬುದು ಯಾವ ನೂಲು ತೂಕದಲ್ಲಿ ಹೆಚ್ಚಿದೆ ಎಂಬುದರ ಮೇಲೆ ನಿಲ್ಲುತ್ತದೆ. ಹಾಸು ಹೊಕ್ಕು ಎರಡೂ ರೇಷ್ಮೆಯಾದರೆ 5007. ಹತ್ತಿ ಶೇ 85 ಅಥವಾ ಅದಕ್ಕಿಂತ ಹೆಚ್ಚಿದ್ದು ಬಟ್ಟೆ ತೆಳುವಾಗಿದ್ದರೆ 5208. ಇಳಕಲ್ ಸೀರೆಯ ತೊಡಕು ಇರುವುದೇ ಇಲ್ಲಿ: ಒಡಲು ಹತ್ತಿಯದು, ದಡಿ ಮತ್ತು ತೋಪು ತೆನಿ ಎಂಬ ವಿನ್ಯಾಸದ ಸೆರಗು ರೇಷ್ಮೆಯದು ಇಲ್ಲವೇ ನಮ್ಮಲ್ಲಿ ಚಮಕಾ ಎನ್ನುವ ಕೃತಕ ರೇಷ್ಮೆಯದು, ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಕೂಡಿಸಿರುತ್ತಾರೆ. ಹತ್ತಿ ಅರ್ಧಕ್ಕಿಂತ ಹೆಚ್ಚಿದ್ದೂ ಶೇ 85ಕ್ಕಿಂತ ಕಡಿಮೆಯಾಗಿ, ಜೊತೆಗಿರುವುದು ರೇಷ್ಮೆಯಾದರೆ ಅದು 5212. ಅದೇ ತೆಳು ಸೀರೆಯಲ್ಲಿ ರೇಷ್ಮೆಯ ಜಾಗದಲ್ಲಿ ಚಮಕಾ ಇದ್ದರೆ 5210. ಗೋಮಿ ಎಂಬ ವಿನ್ಯಾಸದ ದಡಿಯ ಎರಡು ಸೀರೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಹರಡಿದರೆ ಕಣ್ಣಿಗೆ ಒಂದೇ, ನಮೂನೆಯಲ್ಲಿ ಬೇರೆ ಬೇರೆ.

ನೇಯ್ದು ಮುಗಿದ ಸೀರೆಯಿಂದ ರೇಷ್ಮೆಯನ್ನು ಬಿಡಿಸಿ ತೂಗಲು ಬರುವುದಿಲ್ಲವಲ್ಲ, ಇದಕ್ಕೆ ಪರಿಹಾರ ಸಿಕ್ಕಿದ್ದು ನಮ್ಮದೇ ನೂಲಿನ ವಹಿಯಲ್ಲಿ. ನೇಕಾರರಿಗೆ ನೂಲು ಕೊಡುವಾಗ ಹತ್ತಿ ಇಷ್ಟು, ರೇಷ್ಮೆ ಇಷ್ಟು ಎಂದು ತೂಗಿ ಬರೆದು ಸಹಿ ಪಡೆಯುವುದು ಸಂಘದ ಹಳೆಯ ಪದ್ಧತಿ. ಕೂಲಿಯ ಲೆಕ್ಕಕ್ಕೆಂದು ಇಟ್ಟ ಆ ವಹಿಯೇ ಈಗ ಸುಂಕದ ಲೆಕ್ಕಕ್ಕೂ ಆಧಾರವಾಗಿದೆ. ಇನ್ನು ಮುಂದೆ ಪ್ರತಿ ಸೀರೆಯ ಮಡಿಕೆಗೆ ಒಂದು ಸಣ್ಣ ಚೀಟಿ ಕಟ್ಟಿರುತ್ತದೆ. ಕಳೆದ ವಾರ ಕಟ್ಟಿದ ಮೊದಲ ಚೀಟಿಯಲ್ಲಿ ‘ಹತ್ತಿ 390 ಗ್ರಾಂ, ರೇಷ್ಮೆ 110 ಗ್ರಾಂ’ ಎಂದಿದೆ, ಅಂದರೆ ಹತ್ತಿ ಶೇ 78. ಅದರ ಸುಂಕ ನಮೂನೆಯಲ್ಲಿ ಇಂಗ್ಲಿಷಿನಲ್ಲಿ ಬರೆದದ್ದರ ಅರ್ಥ ಹೀಗೆ: ಕೈಮಗ್ಗದಲ್ಲಿ ನೇಯ್ದ ಸೀರೆ, ಹೊಲಿಗೆಯಿಲ್ಲದ ಬಟ್ಟೆ, ಹತ್ತಿ ಶೇ 78, ರೇಷ್ಮೆ ಶೇ 22, ಒಂದು ನಗ, ನಿವ್ವಳ ತೂಕ 500 ಗ್ರಾಂ, ಮೂಲ ದೇಶ ಭಾರತ. ಖಣಕ್ಕೂ ಇದೇ ಕ್ರಮ. ಗ್ರಾಹಕರಿಗೆ ಇದರಿಂದ ಒಂದು ಅನುಕೂಲವೂ ಇದೆ: ತಾವು ಕೊಂಡದ್ದು ರೇಷ್ಮೆಯೋ ಚಮಕಾವೋ ಎಂದು ಇನ್ನು ಯಾರನ್ನೂ ಕೇಳಬೇಕಾಗಿಲ್ಲ.

ಅಮೆರಿಕದ ಗ್ರಾಹಕರು ಈ ವರ್ಷ ಹೆಚ್ಚು ತೊಂದರೆ ಅನುಭವಿಸಿದ್ದಾರೆ. 800 ಡಾಲರ್‌ವರೆಗಿನ ಸರಕಿಗೆ ಅಲ್ಲಿ ಇದ್ದ ಸುಂಕ ವಿನಾಯಿತಿ ಆಗಸ್ಟ್ 29ಕ್ಕೆ ರದ್ದಾಯಿತು, ಅದಕ್ಕೂ ನಾಲ್ಕು ದಿನ ಮೊದಲೇ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಸರಕಿನ ಬುಕಿಂಗ್ ನಿಲ್ಲಿಸಿತ್ತು. ಅಕ್ಟೋಬರ್ 15ರಿಂದ ಸೇವೆ ಮತ್ತೆ ಆರಂಭವಾಗಿದೆ, ಆದರೆ 2025ರ ನವೆಂಬರ್‌ನ ದರದಂತೆ ಘೋಷಿತ ಬೆಲೆಯ ಶೇ 50ರಷ್ಟು ಸುಂಕವನ್ನು ಬುಕಿಂಗ್ ಸಮಯದಲ್ಲೇ ಇಲ್ಲಿ ಕಟ್ಟಬೇಕು. 6,000 ರೂಪಾಯಿಯ ಸೀರೆಗೆ 3,000 ರೂ. ಸುಂಕ. ಇದನ್ನು ಬಿಲ್ಲಿನಲ್ಲಿ ಬೇರೆ ಸಾಲಿನಲ್ಲಿ ತೋರಿಸುತ್ತೇವೆ, ಸಂಘ ಅದರಲ್ಲಿ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಆರ್ಡರ್ ಮತ್ತು ಬುಕಿಂಗ್ ನಡುವೆ ದರ ಬದಲಾದರೆ ವ್ಯತ್ಯಾಸವನ್ನು ಮರಳಿಸುತ್ತೇವೆ ಅಥವಾ ಕೇಳಿ ಪಡೆಯುತ್ತೇವೆ. ಸುಂಕ ಮೊದಲೇ ಕಟ್ಟಿರುವುದರಿಂದ ತಮ್ಮ ಬಾಗಿಲಲ್ಲಿ ಮತ್ತೆ ಸುಂಕ ಕೇಳುವುದಿಲ್ಲ. ಸೀರೆಯ ಬೆಲೆಯ ಅರ್ಧದಷ್ಟು ಸುಂಕವೆಂದರೆ ಬಹಳವೇ ಆಯಿತು ಎಂಬುದು ನಮ್ಮ ಅಭಿಪ್ರಾಯವೂ ಹೌದು, ಆದರೆ ನೇಕಾರರ ಕೂಲಿ ಇಳಿಸಿ ಅದನ್ನು ಸರಿದೂಗಿಸಲು ಆಡಳಿತ ಮಂಡಳಿ ಒಪ್ಪಿಲ್ಲ.

ಯೂರೋಪ್ ಒಕ್ಕೂಟದ ದೇಶಗಳಲ್ಲಿ 2021ರ ಜುಲೈ 1ರಿಂದ ಎಷ್ಟೇ ಕಡಿಮೆ ಬೆಲೆಯ ಆಮದಿಗೂ ವ್ಯಾಟ್ ಎಂಬ ತೆರಿಗೆ ಉಂಟು. ಅದನ್ನು ಅಲ್ಲಿನ ಅಂಚೆಯವರು ತಮ್ಮಿಂದ ವಸೂಲು ಮಾಡುತ್ತಾರೆ, ಮೇಲೆ ಅವರ ಸೇವಾ ಶುಲ್ಕವೂ ಬೀಳಬಹುದು. ಬ್ರಿಟನ್ನಿನದು ಬೇರೆ ಕಥೆ. ಅಲ್ಲಿ 135 ಪೌಂಡ್‌ವರೆಗಿನ ಸರಕಿಗೆ ಮಾರುವವರೇ ಅಲ್ಲಿ ನೋಂದಾಯಿಸಿಕೊಂಡು ಶೇ 20 ವ್ಯಾಟ್ ಕಟ್ಟಬೇಕೆಂಬ ನಿಯಮ 2021ರ ಜನವರಿಯಿಂದ ಇದೆ. ವರ್ಷಕ್ಕೆ ಅಲ್ಲಿಗೆ ಬೆರಳೆಣಿಕೆಯ ಸೀರೆ ಕಳಿಸುವ ನಮ್ಮಂಥ ಸಂಘಕ್ಕೆ ಆ ನೋಂದಣಿ, ಲೆಕ್ಕಪತ್ರ ನಿಭಾಯಿಸುವುದು ಆಗದ ಮಾತು. ಆದ್ದರಿಂದ ಬ್ರಿಟನ್ನಿನ ಮನೆ ವಿಳಾಸಗಳಿಗೆ 135 ಪೌಂಡ್ ಮೀರಿದ ಪಾರ್ಸೆಲ್‌ಗಳನ್ನು ಮಾತ್ರ ಕಳಿಸುತ್ತೇವೆ. ಅದರ ವ್ಯಾಟ್, ಸುಂಕಗಳನ್ನು ಅಲ್ಲಿ ಆಮದಿನ ಹೊತ್ತಿಗೆ ಪಡೆಯುವವರೇ ಕಟ್ಟಬೇಕು. ಒಂದೇ ಸೀರೆ ಬಯಸುವವರಿಗೆ ಸದ್ಯಕ್ಕೆ ಇಲ್ಲವೆನ್ನಬೇಕಾಗಿರುವುದಕ್ಕೆ ವಿಷಾದಿಸುತ್ತೇವೆ.

ಮಗಳ ಸೀಮಂತಕ್ಕೆ ತಾಯಿಯೊಬ್ಬರು ಹುಬ್ಬಳ್ಳಿಯಿಂದ ಸೀರೆ ಕಳಿಸುವುದು ಉಡುಗೊರೆಯಲ್ಲವೇ ಎಂದು ಕೆಲವರು ಕೇಳಿದ್ದಾರೆ. ಖಂಡಿತ ಉಡುಗೊರೆಯೇ. ಅವರು ನಮ್ಮ ಅಂಗಡಿಯಲ್ಲಿ ಸೀರೆ ಕೊಂಡು, ತಮ್ಮ ಹೆಸರಿನಲ್ಲಿ, ತಮ್ಮ ಊರಿನ ಅಂಚೆ ಕಚೇರಿಯಲ್ಲಿ ನಿಜವಾದ ಬೆಲೆ ಬರೆದು ಉಡುಗೊರೆ ಎಂದು ಗುರುತು ಹಾಕಿ ಕಳಿಸಬಹುದು. ಅಮೆರಿಕದಲ್ಲಿ 100 ಡಾಲರ್‌ವರೆಗಿನ ಉಡುಗೊರೆಗೆ ಸುಂಕವಿಲ್ಲ, ಯೂರೋಪ್ ಒಕ್ಕೂಟದಲ್ಲಿ ಸುಂಕವೂ ವ್ಯಾಟೂ ಇಲ್ಲದ ಮಿತಿ 45 ಯೂರೋ, ಬ್ರಿಟನ್ನಿನಲ್ಲಿ 39 ಪೌಂಡ್. ಆದರೆ ಮಗಳೇ ಅಲ್ಲಿಂದ ಆರ್ಡರ್ ಮಾಡಿ, ಹಣ ಕಟ್ಟಿ, ಸಂಘ ಕಳಿಸಿದರೆ ಅದು ಮಾರಾಟ. ಅದಕ್ಕೆ ಉಡುಗೊರೆಯ ಹೆಸರು ಕೊಡಲು ನಮ್ಮನ್ನು ದಯವಿಟ್ಟು ಕೇಳಬೇಡಿ.

ಈಚೆಗೆ ಸಂಘವು ರಫ್ತುದಾರರ ಐಇಸಿ ಸಂಖ್ಯೆ ಪಡೆದಿದ್ದು, ಅಂಚೆ ಇಲಾಖೆಯ ರಫ್ತು ಕೇಂದ್ರವಾದ ಡಾಕ್ ಘರ್ ನಿರ್ಯಾತ್ ಕೇಂದ್ರದ ಮೂಲಕ ಅಂಚೆ ರಫ್ತು ಬಿಲ್ಲನ್ನು ಆನ್‌ಲೈನಿನಲ್ಲಿ ಸಲ್ಲಿಸುತ್ತಿದೆ. ಇದರ ಫಲವಾಗಿ, ಈವರೆಗೆ ಸ್ಥಳೀಯ ಮಾರಾಟದಂತೆ ತಮ್ಮ ಬಿಲ್ಲಿಗೆ ಸೇರಿಸುತ್ತಿದ್ದ ಶೇ 5 ಜಿಎಸ್‌ಟಿಯನ್ನು ವಿದೇಶದ ಆರ್ಡರ್‌ಗಳಿಗೆ ಡಿಸೆಂಬರ್‌ನಿಂದ ಹಾಕುವುದಿಲ್ಲ. ನಮೂನೆ ತುಂಬಲು ಸಮಯ ಹಿಡಿಯುವುದರಿಂದ ಪಾರ್ಸೆಲ್‌ಗಳನ್ನು ದಿನವೂ ಕಳಿಸದೆ ಪ್ರತಿ ಗುರುವಾರ ಒಟ್ಟಿಗೆ ಬುಕ್ ಮಾಡುತ್ತೇವೆ.

ಆರ್ಡರ್ ಕೊಡುವಾಗ ಪಡೆಯುವವರ ಪೂರ್ಣ ಹೆಸರು, ಮನೆ ಸಂಖ್ಯೆ, ಬೀದಿ, ಅಂಚೆ ಸಂಕೇತ, ದೇಶದ ಸಂಕೇತ ಸಹಿತ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ವಿಳಾಸವನ್ನು ಇಂಗ್ಲಿಷಿನಲ್ಲಿ ಕಳಿಸಬೇಕಾಗಿ ವಿನಂತಿ. ಮನೆಯಲ್ಲಿ ಕರೆಯುವ ಹೆಸರು ಬೇಡ, ಗುರುತಿನ ಚೀಟಿಯಲ್ಲಿರುವ ಹೆಸರೇ ಬೇಕು. ಸುಂಕ ಕಟ್ಟಲು ನಿರಾಕರಿಸಿದ ಕಾರಣಕ್ಕೆ ಪಾರ್ಸೆಲ್ ಮರಳಿದರೆ ಸೀರೆಯ ಹಣವನ್ನು ಕೊಡುತ್ತೇವೆ, ಅಂಚೆ ವೆಚ್ಚವನ್ನು ಕೊಡಲಾಗದು. ಈಗಾಗಲೇ ಹಣ ಕಟ್ಟಿ ಕಾಯುತ್ತಿರುವವರಿಗೆ ಹೊಸ ಲೆಕ್ಕವನ್ನು ಪ್ರತ್ಯೇಕವಾಗಿ ಕಳಿಸುತ್ತೇವೆ. ಅದು ಒಪ್ಪಿಗೆಯಾಗದಿದ್ದರೆ ನವೆಂಬರ್ 30ರೊಳಗೆ ತಿಳಿಸಿದಲ್ಲಿ ಪೂರ್ತಿ ಹಣ ಮರಳಿಸಲಾಗುವುದು.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)