ಅಶೋಕನಗರದ ಫುಟ್‌ಬಾಲ್ ಅಂಗಳವನ್ನು ಅಲ್ಲೇ ರಿಪೇರಿ ಮಾಡಿಸಿ: ಕ್ರೀಡಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ,

ನಮಸ್ಕಾರ.

ಬೆಂಗಳೂರಿನ ಅಶೋಕನಗರದಲ್ಲಿ, ಮಾಗ್ರತ್ ರಸ್ತೆಯ ಮಾಲ್‌ಗಳ ಮಗ್ಗುಲಲ್ಲೇ ಒಂದು ಫುಟ್‌ಬಾಲ್ ಕ್ರೀಡಾಂಗಣವಿದೆ. ಚಿನ್ನಸ್ವಾಮಿ ಕ್ರೀಡಾಂಗಣ ಎಲ್ಲಿದೆ ಎಂದರೆ ಊರಿನ ಮಕ್ಕಳೂ ಹೇಳುತ್ತಾರೆ. ಇದರ ಗೋಡೆ ಪಕ್ಕದಲ್ಲೇ ದಿನಾ ಓಡಾಡುವ ಎಷ್ಟೋ ಜನರಿಗೆ ಒಳಗೇನಿದೆ ಎಂಬುದು ಗೊತ್ತಿಲ್ಲ. ಒಳಗಿರುವುದು ಕರ್ನಾಟಕ ಫುಟ್‌ಬಾಲಿನ ತವರು. ಅದರ ಗ್ಯಾಲರಿಗಳು ವರ್ಷಗಳಿಂದ ಶಿಥಿಲವಾಗಿವೆ. ಜನರನ್ನು ಕೂರಿಸಲು ಹೆದರುವಂಥ ಭಾಗಗಳಿವೆ. ನವೀಕರಣದ ಮಾತು ಆಗಾಗ ಕೇಳಿಬರುತ್ತದೆ, ಹಾಗೇ ತಣ್ಣಗಾಗುತ್ತದೆ. ನನ್ನ ಬೇಡಿಕೆ ಒಂದೇ: ಈ ಕ್ರೀಡಾಂಗಣವನ್ನು ಇದ್ದ ಜಾಗದಲ್ಲೇ, ಫುಟ್‌ಬಾಲಿಗೆಂದೇ, ದಿನಾಂಕ ಗೊತ್ತುಮಾಡಿ ದುರಸ್ತಿ ಮಾಡಿಸಿ.

ಇದು ಹಳೆಯ ಕಾಂಕ್ರೀಟಿನ ಮೇಲಿನ ವ್ಯಾಮೋಹ ಎಂದು ದಯವಿಟ್ಟು ಭಾವಿಸಬೇಡಿ. ಈ ಊರಿನ ಫುಟ್‌ಬಾಲ್ ಈ ಕಟ್ಟಡಕ್ಕಿಂತಲೂ ಹಳೆಯದು. ಬ್ರಿಟಿಷ್ ಪಲ್ಟನ್‌ಗಳೇ ಮೆರೆಯುತ್ತಿದ್ದ ಬೊಂಬಾಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಮೊದಲ ಬಾರಿಗೆ ಗೆದ್ದ ಭಾರತೀಯ ತಂಡ ನಮ್ಮ ಬ್ಯಾಂಗಲೂರ್ ಮುಸ್ಲಿಮ್ಸ್. ಮರುವರ್ಷವೂ ಕಪ್ ಅವರದೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತಕ್ಕೆ ಗೋಲು ತಂದುಕೊಟ್ಟ ಸಾರಂಗಪಾಣಿ ರಾಮನ್ ಮೈಸೂರು ತಂಡದ ಆಟಗಾರ. ಆ ಒಲಿಂಪಿಕ್ ತಂಡದ ಹಲವರು ಬರಿಗಾಲಲ್ಲೇ ಆಡಿದ್ದರು. ಅದರಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚ ಪಾಂಡವ’ರೆಂದು ಹೆಸರಾದ ಐವರು ಮುನ್ಪಡೆ ಆಟಗಾರರಲ್ಲಿ ಒಬ್ಬರಾದರು. 2017ರಲ್ಲಿ ಅವರು ತೀರಿಕೊಂಡಾಗ ಈ ಊರಿನ ಎಷ್ಟು ಜನಕ್ಕೆ ಅವರ ಹೆಸರು ಗೊತ್ತಿತ್ತು ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ. ಕೆಂಪಯ್ಯ, ಅರುಮೈನಾಯಗಂ, ಉಲಗನಾಥನ್ ಎಲ್ಲರೂ ಇದೇ ಊರಿನ ಮಣ್ಣಿನಲ್ಲಿ ಚೆಂಡು ಒದ್ದು ದೇಶಕ್ಕೆ ಆಡಿದವರು. ಆಸ್ಟಿನ್ ಟೌನಿನ ಮೈದಾನಕ್ಕೆ, ಇಲ್ಲವೇ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಗೌತಮಪುರಕ್ಕೆ ಒಂದು ಸಂಜೆ ಬನ್ನಿ. ಆ ಪರಂಪರೆ ಸತ್ತಿಲ್ಲ ಎಂಬುದನ್ನು ಕಣ್ಣಾರೆ ನೋಡುತ್ತೀರಿ.

ರಾಜ್ಯ ತಂಡಗಳ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆದ ಸಂತೋಷ್ ಟ್ರೋಫಿಯ ಲೆಕ್ಕವನ್ನೂ ತಮ್ಮ ಮುಂದಿಡುತ್ತೇನೆ. ಮೈಸೂರು ಎಂಬ ಹೆಸರಿನಲ್ಲಿ ನಮ್ಮ ರಾಜ್ಯ ಅದನ್ನು 1946-47, 1952-53, 1967-68 ಮತ್ತು 1968-69ರಲ್ಲಿ ಗೆದ್ದಿತು. ಅನಂತರ ಅರ್ಧ ಶತಮಾನ ದಾಟಿದ ಬರಗಾಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ನಮ್ಮ ಹುಡುಗರು ಟ್ರೋಫಿಯನ್ನು ಮನೆಗೆ ತಂದರು. ಅಂಥ ಹುಡುಗರನ್ನು ತಯಾರು ಮಾಡುವುದು ಟೀವಿಯಲ್ಲಿ ಕಾಣುವ ದೊಡ್ಡ ಲೀಗ್ ಅಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಬೆರಳೆಣಿಕೆಯ ಜನರ ಮುಂದೆ ನಡೆಯುವ ಬೆಂಗಳೂರಿನ ಸ್ಥಳೀಯ ಲೀಗ್‌ನ ಸೂಪರ್ ಡಿವಿಷನ್, ಎ ಡಿವಿಷನ್ ಪಂದ್ಯಗಳು. ಅವಕ್ಕೆ ಆಸರೆಯಾಗಿರುವುದು ಅಶೋಕನಗರದ ಈ ಅಂಗಳ.

ಜನ ಬರುವುದಿಲ್ಲ ಎಂದು ತಮಗೆ ಯಾರಾದರೂ ಹೇಳಿದರೆ 2013ನ್ನು ನೆನಪಿಸಿ. ಆ ವರ್ಷ ಹುಟ್ಟಿದ ಬೆಂಗಳೂರು ಎಫ್‌ಸಿ ಕ್ಲಬ್ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್‌ನ ತನ್ನ ಮೊದಲ ಪಂದ್ಯವನ್ನು ಕೋಲ್ಕತ್ತದ ಮೋಹನ್ ಬಾಗಾನ್ ವಿರುದ್ಧ ಆಡಿದ್ದು ಇಲ್ಲೇ. ಪಶ್ಚಿಮದ ಗ್ಯಾಲರಿಯಲ್ಲಿ ಹಾಡುತ್ತ ಕುಣಿಯುತ್ತ ನಿಂತ ಅಭಿಮಾನಿಗಳು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದೇ ಹೆಸರಾದರು. ಆಟಗಾರರ ಉಸಿರು ಕೇಳಿಸುವಷ್ಟು ಹತ್ತಿರದ ಆಸನಗಳು. ಎದುರಾಳಿ ಕಾರ್ನರ್ ಕಿಕ್‌ಗೆ ಬಂದರೆ ಅವನ ಕಿವಿಯ ಪಕ್ಕದಲ್ಲೇ ನಮ್ಮ ಕೂಗು. ಮೊದಲ ಪ್ರಯತ್ನದಲ್ಲೇ ತಂಡ ಚಾಂಪಿಯನ್ ಆಯಿತು. ಮರುವರ್ಷ ಕಂಠೀರವ ಕ್ರೀಡಾಂಗಣಕ್ಕೆ ಹೋಯಿತು. ಕಂಠೀರವ ದೊಡ್ಡದು, ನಿಜ. ಆದರೆ ಅಲ್ಲಿ ಪ್ರೇಕ್ಷಕನಿಗೂ ಆಟಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. ಆ ಟ್ರ್ಯಾಕ್ ಬೇಕಾದವರು ನಮ್ಮ ಅಥ್ಲೀಟ್‌ಗಳು. ಒಂದೇ ಅಂಗಳಕ್ಕಾಗಿ ಎರಡು ಕ್ರೀಡೆಗಳು ಜಗ್ಗಾಡಿದ್ದನ್ನು ಈ ನಗರ ನೋಡಿದೆ. ಆದ್ದರಿಂದ ‘ಬಹುಉದ್ದೇಶ’ದ ಹೆಸರಿನಲ್ಲಿ ಅದೇ ಜಗಳವನ್ನು ಇಲ್ಲಿಗೂ ತರಬೇಡಿ.

ಕೆಲಸ ಎಲ್ಲಿಂದ ಶುರುವಾಗಬೇಕು? ಬಣ್ಣ, ಕುರ್ಚಿ, ಫ್ಲಡ್‌ಲೈಟಿನಿಂದಲ್ಲ, ಕಾಂಕ್ರೀಟಿನಿಂದ. ಮಳೆನೀರು ಮೆಟ್ಟಿಲಿನೊಳಗೆ ಇಳಿದರೆ ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿ ಮೇಲಿನ ಪದರವನ್ನು ಸೀಳುತ್ತದೆ. ಹೊರಗಿನಿಂದ ಗಾರೆ ಮೆತ್ತಿ ಸುಣ್ಣ ಬಳಿದರೆ ರೋಗ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ. ಕಾಂಕ್ರೀಟಿನ ತುಂಡು ಕೊರೆದು ತೆಗೆದು ಅದರ ಬಲ ಅಳೆಯುವುದು, ಶಬ್ದತರಂಗ ಹಾಯಿಸಿ ಒಳಗಿನ ಟೊಳ್ಳು ಪತ್ತೆ ಮಾಡುವುದು ಎಂಜಿನಿಯರುಗಳಿಗೆ ಹೊಸತಲ್ಲ. ಸ್ವತಂತ್ರ ಸಂಸ್ಥೆಯಿಂದ ಈ ಪರೀಕ್ಷೆಗಳನ್ನು ಮಾಡಿಸಿ, ಯಾವ ಗ್ಯಾಲರಿ ಉಳಿಯುತ್ತದೆ, ಯಾವುದನ್ನು ಕೆಡವಬೇಕು ಎಂಬ ವರದಿಯನ್ನು ಜನರ ಮುಂದಿಡಿ.

ಬಾಗಿಲುಗಳ ವಿಷಯ ಇನ್ನೂ ಗಂಭೀರ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜೀವಗಳು ಹೋದವು. ಅಷ್ಟಾದ ಮೇಲೂ ಗೇಟಿನ ಅಗಲ, ಹೊರಗೆ ಜನ ನಿಲ್ಲಲು ಜಾಗ, ಆಂಬುಲೆನ್ಸ್ ಬರುವ ದಾರಿ ಇವನ್ನೆಲ್ಲ ಕೊನೆಗೆ ನೋಡಿಕೊಂಡರಾಯಿತು ಎನ್ನಲು ಯಾರಿಗೂ ಬಾಯಿ ಬರಬಾರದು.

ಕೃತಕ ಹುಲ್ಲಿನ ಬಗ್ಗೆ ಇಷ್ಟೇ: ಒಮ್ಮೆ ಹಾಸಿ ಮರೆತುಬಿಡುವ ವಸ್ತು ಅದಲ್ಲ. ನಿತ್ಯ ಆಡುವ ಮೈದಾನದಲ್ಲಿ ಸುಮಾರು ಹತ್ತು ವರ್ಷಕ್ಕೆ ಅದು ಸವೆಯುತ್ತದೆ. ಸವೆದ ಹಾಸಿನ ಮೇಲೆ ಮಂಡಿ, ಹಿಮ್ಮಡಿ ಕಳೆದುಕೊಳ್ಳುವವರು ಸಂಬಳವಿಲ್ಲದ ಬಡವರ ಮಕ್ಕಳು. ಹೊಸದು ಹಾಸುವಾಗಲೇ ನಿರ್ವಹಣೆಗೂ ಮರುಹಾಸಿಗೂ ಹಣ ತೆಗೆದಿಡಬೇಕು. ಫಿಫಾ ಗುಣಮಟ್ಟದ ಪರೀಕ್ಷೆ ಕಾಲಕಾಲಕ್ಕೆ ಆಗುತ್ತಿರಬೇಕು.

ಹೆಣ್ಣುಮಕ್ಕಳ ತಂಡಗಳಿಗೆ ಬೇರೆ ಡ್ರೆಸ್ಸಿಂಗ್ ರೂಮ್, ಪ್ರೇಕ್ಷಕಿಯರಿಗೆ ನೀರಿರುವ ಶೌಚಾಲಯ ಬೇಕು. ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ದೊಡ್ಡ ಭಯ ಜಾಗದ ಬೆಲೆಯದು. ನಗರದ ನಡುಮಧ್ಯೆ, ಎಂ.ಜಿ. ರಸ್ತೆಯ ಮೆಟ್ರೊ ಇಳಿದು ನಡೆದೇ ಬರಬಹುದಾದ ಇಂಥ ನೆಲದ ಮೇಲೆ ಎಷ್ಟು ಕಣ್ಣುಗಳಿರುತ್ತವೆ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಊರಾಚೆ ಹೊಸ ಕ್ರೀಡಾಂಗಣ ಕಟ್ಟಿಕೊಡುತ್ತೇವೆ, ಇದನ್ನು ವಾಣಿಜ್ಯ ಸಂಕೀರ್ಣ ಮಾಡೋಣ ಎಂಬ ಪ್ರಸ್ತಾವ ಯಾವ ಸರ್ಕಾರದ ಮುಂದೆಯೂ ಬರಬಹುದು. ಹೊಸದು ಕಟ್ಟುವುದಾದರೆ ಕಟ್ಟಿ, ಸಂತೋಷ. ಆದರೆ ಕೆಲಸ ಮುಗಿಸಿ ಆಡಲು ಬರುವ ಹುಡುಗ, ಬಸ್ಸಿನಲ್ಲಿ ನೋಡಲು ಬರುವ ನಿವೃತ್ತ ಕಾರ್ಮಿಕ ಎರಡು ಗಂಟೆ ಟ್ರಾಫಿಕ್ ದಾಟಿ ಊರಾಚೆ ಹೋಗುವುದಿಲ್ಲ. ಎಚ್‌ಎಎಲ್, ಐಟಿಐನಂಥ ಕಾರ್ಖಾನೆ ತಂಡಗಳನ್ನು ಬೆಳೆಸಿದ್ದು ಇಂಥ ಜನರೇ.

ಆದ್ದರಿಂದ ರಾಜ್ಯ ಫುಟ್‌ಬಾಲ್ ಸಂಸ್ಥೆ, ಕ್ಲಬ್‌ಗಳು ಮತ್ತು ಹಳೆಯ ಆಟಗಾರರನ್ನು ಒಂದೇ ಮೇಜಿಗೆ ಕರೆಸಿ. ಕಟ್ಟಡದ ಸ್ಥಿತಿಯ ವರದಿ, ತಗಲುವ ವೆಚ್ಚ, ಕೆಲಸ ಮುಗಿಯುವ ತಿಂಗಳು ಈ ಮೂರನ್ನೂ ಪ್ರಕಟಿಸಿ. ದುರಸ್ತಿ ನಡೆಯುವಷ್ಟು ಕಾಲ ಲೀಗ್ ಪಂದ್ಯಗಳು ಎಲ್ಲಿ ನಡೆಯುತ್ತವೆ ಎಂಬುದನ್ನೂ ಅದೇ ಸಭೆಯಲ್ಲಿ ತೀರ್ಮಾನಿಸಿ. ಒಂದು ಋತು ನಿಂತರೂ ಸಣ್ಣ ಕ್ಲಬ್‌ಗಳು ಬಾಗಿಲು ಹಾಕುತ್ತವೆ. ಈ ನೆಲ ಫುಟ್‌ಬಾಲಿಗೇ ಮೀಸಲು ಎಂಬ ಸರ್ಕಾರಿ ಆದೇಶ ಮುಂದಿನ ಬಜೆಟ್‌ಗೆ ಮೊದಲೇ ಹೊರಡಲಿ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಫುಟ್‌ಬಾಲ್ ಪ್ರೇಮಿ