ಕಿಟಕಿ ಮುಚ್ಚಿ ಬೆಳಕಿನ ಪಾಠ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಇತ್ತೀಚೆಗೆ ವಿಜಯಪುರದ ಶಾಲೆಯೊಂದರಲ್ಲಿ ಆರನೆಯ ತರಗತಿಯ ವಿಜ್ಞಾನ ಪಾಠವನ್ನು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುವ ಅವಕಾಶ, ನಿವೃತ್ತ ಶಿಕ್ಷಕನಾದ ನನಗೆ ದೊರೆಯಿತು. ಅಂದಿನ ವಿಷಯ ಬೆಳಕು. ಪರದೆಯ ಮೇಲಿನ ಚಿತ್ರ ಮಸುಕಾಗುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಿಸಿ, ಬಾಗಿಲನ್ನೂ ಎಳೆದುಕೊಂಡು, ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ ಎಂಬುದನ್ನು ಮಕ್ಕಳಿಗೆ ವಿಡಿಯೊದಲ್ಲಿ ತೋರಿಸಲಾಯಿತು. ಅದೇ ಹೊತ್ತಿಗೆ ತಗಡಿನ ಛಾವಣಿಯ ಮೊಳೆ ತೂತಿನಿಂದ ಇಳಿದ ಬಿಸಿಲುಕೋಲೊಂದು ಹುಡುಗಿಯೊಬ್ಬಳ ನೋಟ್‌ಬುಕ್ಕಿನ ಮೇಲೆ ಬಿದ್ದಿತ್ತು. ಅವಳು ಅದನ್ನು ಅಂಗೈಯಲ್ಲಿ ಹಿಡಿದು ಆಡುತ್ತಿದ್ದಳು, ಲಕ್ಷ್ಯವಿಲ್ಲವೆಂದು ಬೈಸಿಕೊಂಡಳು.

ಶಿಕ್ಷಕರನ್ನು ದೂರುವುದು ನನ್ನ ಉದ್ದೇಶವಲ್ಲ. ನಿಗದಿತ ದಿನದೊಳಗೆ ಪಾಠ ಮುಗಿಸುವ ಅವಸರ ಎಂಥದ್ದೆಂದು ಮೂವತ್ತು ವರ್ಷ ಕಲಿಸಿದ ನನಗೆ ಗೊತ್ತಿದೆ, ನಾನೂ ಹಾಗೆಯೇ ಓಡಿದ್ದೇನೆ. ಆದರೆ ಆ ಹುಡುಗಿಯ ಕೈಯಲ್ಲಿದ್ದುದನ್ನು ನೋಡಿ. ಮೊಳೆ ಕಿತ್ತ ತೂತು ಅಂಕುಡೊಂಕು, ಕೈಯಲ್ಲಿ ಬಿದ್ದ ಬೆಳಕು ಮಾತ್ರ ದುಂಡು. ಅಂಗೈಯನ್ನು ಬಿಸಿಲುಕೋಲಿಗೆ ಎದುರಾಗಿ ಹಿಡಿದರೆ ದುಂಡಗಿರುವ ಅದು ನೆಲದ ಮೇಲೆ ಓರೆಯಾಗಿ ಬಿದ್ದಾಗ ಮೊಟ್ಟೆಯಾಕಾರ ತಾಳುತ್ತದೆ. ಏಕೆಂದರೆ ಅದು ತೂತಿನ ಆಕಾರವಲ್ಲ, ಸೂರ್ಯನ ಬಿಂಬ. ತೂತು ಚಿಕ್ಕದಾಗಿದ್ದು ಹತ್ತು ಅಡಿ ದೂರದಲ್ಲಿದ್ದರೆ ಆ ಬಿಂಬದ ಅಗಲ ಸುಮಾರು ಒಂದಂಗುಲ. ಪಠ್ಯಪುಸ್ತಕ ರಟ್ಟಿನ ಪೆಟ್ಟಿಗೆಯಿಂದ ಮಾಡಿಸುವ ಸೂಜಿರಂಧ್ರ ಕ್ಯಾಮೆರಾ ಆ ಕೋಣೆಯಲ್ಲಿ ಆಗಲೇ ಸಿದ್ಧವಾಗಿತ್ತು, ಕೋಣೆಯೇ ಕ್ಯಾಮೆರಾ ಆಗಿತ್ತು.

ಸೂರ್ಯ, ದೀಪ, ಮಿಂಚುಹುಳು ಬೆಳಕಿನ ಆಕರಗಳೆಂದೂ ಚಂದ್ರ ಆಕರವಲ್ಲವೆಂದೂ ಮಕ್ಕಳು ಸರಾಗವಾಗಿ ಹೇಳುತ್ತಾರೆ. ಕಷ್ಟ ಬರುವುದು ಬೆಳಕಿನ ಗುಣಗಳಿಗೆ ಬಂದಾಗ. ‘ಮರೀಚಿಕೆ’ಗೆ ಎರಡು ಅಂಕದ ಉತ್ತರ ಬರೆಯುವ ಹುಡುಗನಿಗೆ, ಏಪ್ರಿಲ್‌ನಲ್ಲಿ ಸೊಲ್ಲಾಪುರ ರಸ್ತೆಯ ಡಾಂಬರಿನ ಮೇಲೆ ನೀರು ನಿಂತಂತೆ ಕಾಣುವ ಬಿಸಿಲ್ಗುದುರೆಯೇ ಅದು ಎಂದು ಯಾರೂ ಹೇಳಿರುವುದಿಲ್ಲ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವ ವಕ್ರೀಭವನದ ಮಾತಂತೂ ಜೀವಕ್ಕೇ ಸಂಬಂಧಿಸಿದ್ದು. ನೇರವಾಗಿ ಮೇಲಿನಿಂದ ನೋಡಿದಾಗಲೂ ನಾಲ್ಕು ಅಡಿ ಆಳದ ತಿಳಿನೀರು ಮೂರೇ ಅಡಿಯಂತೆ ಕಾಣುತ್ತದೆ, ದಂಡೆಯಲ್ಲಿ ನಿಂತು ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ನಮ್ಮ ಭಾಗದ ಕೃಷಿ ಹೊಂಡ, ಬಾವಿ, ಕಾಲುವೆಗಳಲ್ಲಿ ಈಜಲಿಳಿದ ಮಕ್ಕಳ ಸುದ್ದಿಯನ್ನು ಪ್ರತಿ ಬೇಸಿಗೆಯಲ್ಲೂ ತಮ್ಮ ಪತ್ರಿಕೆಯಲ್ಲಿಯೇ ಓದುತ್ತೇವೆ. ಬಕೆಟ್ಟಿನ ತಳಕ್ಕೆ ಒಂದು ರೂಪಾಯಿ ನಾಣ್ಯ ಹಾಕಿ, ನೀರು ಸುರಿದಂತೆ ಅದು ಮೇಲೆದ್ದು ಬಂದಂತೆ ಕಾಣುವುದನ್ನು ತೋರಿಸಲು ಐದು ನಿಮಿಷ ಸಾಕು. ಬೇಸಿಗೆ ರಜೆಗೆ ಮುನ್ನ ಎಲ್ಲ ಶಾಲೆಗಳಲ್ಲಿ ಇದನ್ನು ಕಡ್ಡಾಯವಾಗಿ ತೋರಿಸಬೇಕೆಂಬುದು ನನ್ನ ಒತ್ತಾಯ.

ಇನ್ನು ನೆರಳಿನ ವಿಷಯ. ನಡುಹಗಲಿಗೆ ಸೂರ್ಯ ದಿನವೂ ನೆತ್ತಿಯ ಮೇಲಿರುತ್ತಾನೆಂದು ನಾವೆಲ್ಲ ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ, ಅದು ತಪ್ಪು. ವಿಜಯಪುರದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದರೆ, ಡಿಸೆಂಬರ್ 21ರ ನಡುಹಗಲಿನಲ್ಲಿ ಅದರ ನೆರಳು ಉತ್ತರಕ್ಕೆ ಸುಮಾರು 85 ಸೆಂಟಿಮೀಟರ್ ಚಾಚಿಕೊಳ್ಳುತ್ತದೆ. ಜೂನ್ 21ರಂದು ಅದು ದಿಕ್ಕನ್ನೇ ಬದಲಿಸಿ, ದಕ್ಷಿಣಕ್ಕೆ ಹನ್ನೆರಡು ಸೆಂಟಿಮೀಟರಿನಷ್ಟು ಬೀಳುತ್ತದೆ. ನಡುವೆ ವರ್ಷಕ್ಕೆ ಎರಡೇ ಸಲ, ಮೇ 7ರ ಸುಮಾರಿಗೆ ಮತ್ತು ಆಗಸ್ಟ್ 6ರ ಸುಮಾರಿಗೆ, ನೆರಳು ಕೋಲಿನ ಬುಡದಲ್ಲಿಯೇ ಅಡಗುತ್ತದೆ. ಮೇ ತಿಂಗಳಲ್ಲಿ ಶಾಲೆಗೆ ರಜೆ, ಹೀಗಾಗಿ ನಮ್ಮ ಪಾಲಿಗೆ ಉಳಿಯುವುದು ಆಗಸ್ಟ್ ಮಾತ್ರ. ಬಾಗಲಕೋಟೆಯವರಿಗೆ ಅದು 8ರ ಸುಮಾರಿಗೆ, ಬೆಳಗಾವಿಯವರಿಗೆ ಅದರ ಮರುದಿನ ಬರುತ್ತದೆ. ಮೋಡವಿದ್ದರೂ ನಿರಾಶೆ ಬೇಡ. ಒಂದು ದಿನ ಹಿಂದೆಮುಂದಾದರೆ ಮೀಟರ್ ಕೋಲಿನ ನೆರಳಿನಲ್ಲಿ ಬರುವ ವ್ಯತ್ಯಾಸ ಅರ್ಧ ಸೆಂಟಿಮೀಟರ್ ಅಷ್ಟೇ. ಎಚ್ಚರಿಕೆ ಒಂದೇ, ಮಕ್ಕಳು ನೆರಳನ್ನು ನೋಡಬೇಕೇ ಹೊರತು ಸೂರ್ಯನನ್ನು ದಿಟ್ಟಿಸಬಾರದು.

ಶಾಲಾ ಪ್ರವಾಸದವರೆಲ್ಲ ಗೋಳಗುಮ್ಮಟಕ್ಕೆ ಬಂದು ಚಪ್ಪಾಳೆ ತಟ್ಟಿ ಪ್ರತಿಧ್ವನಿ ಕೇಳಿ ಹೋಗುತ್ತಾರೆ, ಶಬ್ದದ ಪಾಠಕ್ಕೆ ನಮ್ಮ ಊರಿನಷ್ಟು ಪುಣ್ಯ ಬೇರೆ ಊರಿಗಿಲ್ಲ. ಬೆಳಕಿನ ಪಾಠಕ್ಕೆ ಅಷ್ಟು ದೊಡ್ಡ ಕಟ್ಟಡವೂ ಬೇಕಾಗಿಲ್ಲ. ಆದ್ದರಿಂದ ಮೂರೂ ಜಿಲ್ಲೆಗಳ ಶಿಕ್ಷಣ ಇಲಾಖೆಯ ಅಧಿಕಾರಿಗಳು ಆಗಸ್ಟ್ ಮೊದಲ ವಾರದಿಂದ 10ರವರೆಗೆ, ಬಿಸಿಯೂಟಕ್ಕೆ ಮುಂಚಿನ ಅರ್ಧ ಗಂಟೆಯನ್ನು ಈ ಒಂದು ಪ್ರಯೋಗಕ್ಕಾಗಿ ಬಿಟ್ಟುಕೊಡುವಂತೆ ಸುತ್ತೋಲೆ ಹೊರಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಗಡಿಯಾರದಲ್ಲಿ ಹನ್ನೆರಡು ಹೊಡೆದೊಡನೆ ಮಕ್ಕಳನ್ನು ಬಿಸಿಲಿಗೆ ನಿಲ್ಲಿಸಬೇಕಾಗಿಲ್ಲ. ಆ ದಿನಗಳಲ್ಲಿ ವಿಜಯಪುರದ ನಿಜವಾದ ನಡುಹಗಲು ಬರುವುದು ಸುಮಾರು 12 ಗಂಟೆ 33 ನಿಮಿಷಕ್ಕೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ, ವಿಜಯಪುರ